ರೆಸಿನ್ ಓರ್ಕ್ ಬಸ್ಟ್‌ಗೆ ವಾಶ್ ಹಾಕಿದ್ರೆ ಚರ್ಮದ ಮೇಲೆ ಕಲೆ ಕೂರುತ್ತೆ, ಏನ್ಮಾಡೋದು?

ಹಸಿರುಚರ್ಮ:

ಎಲ್ರಿಗೂ ನಮಸ್ಕಾರ. ನಾನು ಇಷ್ಟು ದಿನ ಪೇಂಟ್ ಮಾಡಿರೋದೆಲ್ಲ 28-32 ಎಂಎಂ ಮಿನಿಯೇಚರ್‌ಗಳು, ಅಂದ್ರೆ ಗೇಮ್ ಆಡೋಕೆ ಬೇಕಾಗೋ ಪುಟ್ಟ ಗೊಂಬೆಗಳು. ಅದ್ರಲ್ಲಿ ನನ್ನ ಪದ್ಧತಿ ಸಿಂಪಲ್ಲು, ಬೇಸ್ ಕಲರ್ ಹಾಕೋದು, ತಲೆಯಿಂದ ಕಾಲಿನ ತನಕ ವಾಶ್ (ಹಳ್ಳಗಳಿಗೆ ಇಳಿದು ನೆರಳು ಕೊಡೋ ನೀರಾದ ಬಣ್ಣ) ಹೊಡಿಯೋದು, ಒಣಗಿದ್ಮೇಲೆ ಡ್ರೈಬ್ರಶ್ (ಬಣ್ಣ ಒರೆಸಿದ ಒಣ ಬ್ರಶ್ಶನ್ನ ದಿಣ್ಣೆಗಳ ಮೇಲೆ ಸವರೋದು) ಮಾಡೋದು, ಟೇಬಲ್ ಮೇಲೆ ಇಟ್ರೆ ಚೆನ್ನಾಗೇ ಕಾಣುತ್ತೆ. ಈಗ ಮೊದಲನೇ ಸಲ ಒಂದು ಫ್ಯಾಂಟಸಿ ಬಸ್ಟ್ (ತಲೆಯಿಂದ ಎದೆ ತನಕದ ಮೂರ್ತಿ) ತಗೊಂಡಿದೀನಿ. 1/10 ಸ್ಕೇಲು, ರೆಸಿನ್ನು, ವಯಸ್ಸಾಗಿರೋ ಓರ್ಕ್ (ಫ್ಯಾಂಟಸಿ ಕಥೆಗಳ ಹಸಿರು ರಾಕ್ಷಸ) ಮಂತ್ರವಾದಿ. ಎಡಗಡೆ ಕೋರೆಹಲ್ಲು ಅರ್ಧಕ್ಕೆ ಮುರಿದಿದೆ, ಒಂದು ಕಿವಿ ಹರಿದಿದೆ ಅದ್ರಲ್ಲಿ ತಾಮ್ರದ ರಿಂಗು, ಹೆಗಲ ಮೇಲೆ ತೋಳದ ತೊಗಲು ಹೊದ್ದಿದಾನೆ, ಕೊರಳಲ್ಲಿ ಮೂಳೆ ಮಣಿ ಸರ. ಹಣೆ ಸುಕ್ಕು, ಕಣ್ಣ ಕೆಳಗಿನ ಚೀಲ ಎಲ್ಲ ಎಷ್ಟು ಚೆನ್ನಾಗಿ ಮಾಡಿದಾರೆ ಅಂದ್ರೆ ಪೇಂಟ್ ಹಚ್ಚೋಕೂ ಮುಂಚೆ ಸುಮ್ನೆ ತಿರುಗಿಸಿ ತಿರುಗಿಸಿ ನೋಡ್ತಾ ಕೂತಿರ್ತೀನಿ.

ವಿಷ್ಯ ಏನಂದ್ರೆ, ಬೆನ್ನಲ್ಲಿ ತೊಗಲು ಮುಚ್ಚಿಕೊಳ್ಳೋ ಜಾಗ ಇದೆಯಲ್ಲ ಅಲ್ಲಿ ಹಸಿರು ಬೇಸ್ ಹಾಕಿ ಮೇಲೆ ಅಗ್ರಾಕ್ಸ್ ಅರ್ಥ್‌ಶೇಡ್ ಅನ್ನೋ ಕಂದು ವಾಶ್ ಟೆಸ್ಟ್ ಮಾಡಿದೆ, ಒಣಗಿದ್ಮೇಲೆ ನೋಡಿದ್ರೆ ಅಂಚಿಗೆಲ್ಲ ಕಂದು ಗೆರೆ, ನಡುವೆ ತೇಪೆ ತೇಪೆ. ಅದೇ ಬಾಟ್ಲಿ ಅದೇ ಬ್ರಶ್ಶು ಚಿಕ್ಕ ಮಿನಿ ಮೇಲೆ ಯಾವತ್ತೂ ಹೀಗೆ ಮಾಡಿಲ್ಲ. ಏರ್‌ಬ್ರಶ್ ಇಲ್ಲ, ಕಂಪ್ರೆಸರ್ ಜೊತೆ ತಗೊಳ್ಳೋ ಬಜೆಟ್ಟೂ ಈಗ ಇಲ್ಲ. ನನ್ನ ಹತ್ರ ಇರೋದು ಸಿಟಡೆಲ್ ಕಂಪನಿಯ ಶೇಡ್‌ಗಳು, ಅಂದ್ರೆ ರೆಡಿ ವಾಶ್ ಬಾಟ್ಲಿಗಳು: ಅಗ್ರಾಕ್ಸ್, ನಲ್ನ್ ಆಯಿಲ್ (ಕಪ್ಪು), ಬೀಲ್-ಟಾನ್ ಗ್ರೀನ್, ಡ್ರೂಕೀ ವಯೊಲೆಟ್ (ನೇರಳೆ), ಕ್ಯಾರೊಬರ್ಗ್ ಕ್ರಿಮ್ಸನ್ (ಕೆಂಪು). ಇಷ್ಟರಲ್ಲೇ ವಾಶ್ ಇಟ್ಕೊಂಡು ಈ ಮುಖ ಮಾಡೋಕಾಗುತ್ತಾ, ಇಲ್ಲ ವಾಶ್ ಅನ್ನೋದನ್ನೇ ಬಿಟ್ಟು ಬೇರೆ ದಾರಿ ನೋಡ್ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ತುದಿಕುಂಚ:

ಆಗುತ್ತೆ ಗುರು, ಏರ್‌ಬ್ರಶ್ ಬೇಡ್ವೇ ಬೇಡ. ವಾಶ್ ಬಿಡೋದೂ ಬೇಡ, ವಾಶ್ ಹಾಕೋ ರೀತಿ ಬದಲಾಯಿಸ್ಬೇಕು ಅಷ್ಟೇ.

ಯಾಕೆ ಹಿಂಗಾಗುತ್ತೆ ಅಂತ ನೋಡಿ. 32 ಎಂಎಂ ಮಿನಿ ತಲೆ ಅಂದ್ರೆ ನಾಲ್ಕೈದು ಮಿಲಿಮೀಟರ್, ಅಷ್ಟರಲ್ಲಿ ಕಣ್ಣು ಮೂಗು ಬಾಯಿ ಎಲ್ಲ ಇರೋದ್ರಿಂದ ಇಡೀ ಮುಖ ಬರೀ ಹಳ್ಳ ದಿಣ್ಣೆ, ವಾಶ್ ಹಾಕಿದ ತಕ್ಷಣ ಅದಕ್ಕೆ ಇಳಿದು ಹೋಗೋಕೆ ಜಾಗ ಸಿಗುತ್ತೆ. 1/10 ಅಂದ್ರೆ ಮನುಷ್ಯನ ತಲೆನೇ 23 ಎಂಎಂ ಹತ್ರ ಬರುತ್ತೆ, ಓರ್ಕ್ ಅಂದ್ರೆ ಇನ್ನೂ ದೊಡ್ಡದು. ಅಲ್ಲಿ ಕೆನ್ನೆ ಅನ್ನೋದು ಒಂದು ಅಗಲವಾದ ನುಣ್ಣನೆ ಇಳಿಜಾರು, ವಾಶ್ ಇಳಿಯೋಕೆ ಹಳ್ಳನೇ ಇಲ್ಲ, ಹಂಗಾಗಿ ಹಾಕಿದಲ್ಲೇ ನಿಲ್ಲುತ್ತೆ. ನಿಂತ ನೀರಿನ ಅಂಚು ಮೊದಲು ಒಣಗುತ್ತೆ, ಒಣಗ್ತಾ ನಡುವಿನ ನೀರನ್ನ ತನ್ನ ಕಡೆ ಎಳ್ಕೊಳ್ಳುತ್ತೆ, ಆ ನೀರಿನ ಜೊತೆ ಪಿಗ್ಮೆಂಟೂ ಹೋಗಿ ಅಂಚಲ್ಲೇ ಕೂರುತ್ತೆ. ಟೇಬಲ್ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ಸುತ್ತ ಕಪ್ಪು ಬಳೆ ಬರುತ್ತಲ್ಲ, ನಿಮ್ಮ ಓರ್ಕ್ ಬೆನ್ನ ಮೇಲೆ ಆಗಿರೋದೂ ಅದೇ.

ಅದಕ್ಕೆ ನಾನು ಬಸ್ಟ್ ಕೈಗೆ ತಗೊಂಡ ತಕ್ಷಣ ಮನಸ್ಸಲ್ಲೇ ಎರಡು ಭಾಗ ಮಾಡ್ಕೋತೀನಿ. ಟೆಕ್ಸ್ಚರ್ ಇರೋ ಜಾಗ, ಅಂದ್ರೆ ತೊಗಲಿನ ಕೂದಲು, ಮಣಿ ಸರ, ಬೆಲ್ಟು, ಹಣೆ ಸುಕ್ಕು, ತುಟಿ ಬಿರುಕು, ಇಲ್ಲೆಲ್ಲ ವಾಶ್ ವಾಶ್ ಥರನೇ ಕೆಲಸ ಮಾಡುತ್ತೆ, ಧಾರಾಳವಾಗಿ ಹಾಕಿ. ನುಣುಪು ಜಾಗ, ಅಂದ್ರೆ ಕೆನ್ನೆ, ಬೋಳುತಲೆ, ಕತ್ತು, ಹೆಗಲು, ಇಲ್ಲಿ ಅದೇ ಬಾಟ್ಲಿನ ಗ್ಲೇಜ್ ಥರ, ಅಂದ್ರೆ ತುಂಬ ತೆಳು ಪಾರದರ್ಶಕ ಪದರವಾಗಿ ಬಳಸ್ಬೇಕು. ಒಂದು ಹನಿ ಶೇಡ್‌ಗೆ ಮೂರು ಹನಿ ಮ್ಯಾಟ್ ಮೀಡಿಯಂ (ಬಣ್ಣ ತೆಳು ಮಾಡೋ, ಹೊಳಪಿಲ್ಲದ ದ್ರವ), ಸಿಟಡೆಲ್‌ದೇ ಬೇಕಂದ್ರೆ ಲಾಮಿಯನ್ ಮೀಡಿಯಂ. ಬರೀ ನೀರು ಹಾಕಿ ತೆಳು ಮಾಡ್ಬೇಡಿ, ಬೈಂಡರ್ (ಬಣ್ಣ ಹಿಡಿದಿಡೋ ಅಂಟು) ತೆಳುವಾಗಿ ಕಲೆ ಇನ್ನೂ ಜಾಸ್ತಿ ಆಗುತ್ತೆ. ಬ್ರಶ್ ಅದ್ದಿ, ಟಿಶ್ಯೂ ಮೇಲೆ ಒಂದ್ಸಲ ಒರೆಸಿ, ಆಮೇಲೆ ಮುಟ್ಟಿಸಿ. ಬ್ರಶ್ ಹೋದ ಕಡೆ ಒದ್ದೆ ಪದರ ಕಾಣ್ಬೇಕು, ಹನಿ ನಿಲ್ಲಬಾರದು.

ಇನ್ನೊಂದು ಮುಖ್ಯ ವಿಷ್ಯ, ಬ್ರಶ್ ಎಲ್ಲಿ ಎತ್ತುತ್ತೀರೋ ಅಲ್ಲಿ ಬಣ್ಣ ಜಾಸ್ತಿ ಬೀಳುತ್ತೆ. ಅದಕ್ಕೆ ಬೆಳಕಿರೋ ಕಡೆಯಿಂದ ಶುರು ಮಾಡಿ ನೆರಳಿನ ಕಡೆಗೆ ಎಳೀರಿ, ಕೆನ್ನೆ ಮೂಳೆಯಿಂದ ದವಡೆ ಕೆಳಗೆ, ಹಣೆಯಿಂದ ಕಣ್ಣಿನ ಗುಳಿಗೆ. ಒಂದೇ ಪದರದಲ್ಲಿ ಏನೂ ಕಾಣಲ್ಲ, ಅದು ಸರಿಯಾಗೇ ಇದೆ ಅಂತ ಅರ್ಥ. ನಾಲ್ಕೈದು ಪದರ ಆದ್ಮೇಲೆ ನೆರಳು ತಾನಾಗೇ ಕೂಡಿಕೊಳ್ಳುತ್ತೆ. ಪ್ರತಿ ಪದರನೂ ಪೂರ್ತಿ ಒಣಗ್ಬೇಕು, ಅರ್ಧ ಒಣಗಿದ್ದಕ್ಕೆ ಒದ್ದೆ ಬ್ರಶ್ ಮುಟ್ಟಿಸಿದ್ರೆ ಕೆಳಗಿನ ಪದರ ಕೆನೆ ಥರ ಎದ್ದು ಬರುತ್ತೆ. ಎಲ್ಲಾದ್ರೂ ಹನಿ ನಿಂತಿದ್ದು ಕಣ್ಣಿಗೆ ಬಿದ್ರೆ ತಕ್ಷಣ ಒಣ ಬ್ರಶ್ ತುದಿಯಿಂದ ಹೀರಿಸಿ, ಒಣಗೋಕೆ ಶುರುವಾಗಿದ್ರೆ ಮಾತ್ರ ಕೈ ಹಾಕ್ಬೇಡಿ, ಒಣಗಲಿ ಬಿಡಿ, ಆಮೇಲೆ ಬೇಸ್ ಕಲರ್ ತೆಳ್ಳಗೆ ಹಾಕಿ ಮುಚ್ಚಿ.

ಬೆಂಗಳೂರಲ್ಲಿದ್ದು ಬೋರ್ ನೀರು ಬಳಸ್ತಿದ್ರೆ ಅದನ್ನೂ ಬಿಡಿ. ಗಡಸು ನೀರಲ್ಲಿರೋ ಸುಣ್ಣದಂಶ ಗಾಢ ವಾಶ್ ಮೇಲೆ ಬಿಳಿ ಚುಕ್ಕೆ ಆಗಿ ಕೂರುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದಿಟ್ಕೊಂಡ್ರೆ ವರ್ಷಗಟ್ಟಲೆ ಬರುತ್ತೆ.

ಕುಡ್ಲದಕುಂಚ:

ತುದಿಕುಂಚ ಸರ್ ಹೇಳಿದ್ದು ಎಲ್ಲ ಸರಿ ಉಂಟು, ಆದ್ರೆ ಅದಕ್ಕಿಂತ ಮೊದ್ಲು ಒಂದು ಕೇಳ್ಬೇಕು ಮಾರಾಯ್ರೆ, ನಿಮ್ಮದು ಮೋಲ್ಡ್‌ನಲ್ಲಿ ಎರಕ ಹೊಯ್ದ ರೆಸಿನ್ನಾ ಅಥವಾ 3ಡಿ ಪ್ರಿಂಟಾ? ಎರಡಕ್ಕೂ ತಯಾರಿ ಬೇರೆ ಬೇರೆ.

ಎರಕದ್ದಾದ್ರೆ ಮೋಲ್ಡ್‌ನಿಂದ ಬಿಡಿಸ್ಲಿಕ್ಕೆ ಹಾಕಿದ ರಿಲೀಸ್ ಏಜೆಂಟ್ ಮೇಲ್ಮೈಯಲ್ಲಿ ಉಳಿದಿರ್ತದೆ, ಅದು ಎಣ್ಣೆ ಪಸೆ ಇದ್ದ ಹಾಗೆ, ಪ್ರೈಮರ್ (ಬಣ್ಣಕ್ಕಿಂತ ಮೊದ್ಲು ಹಚ್ಚುವ ತಳಪದರ) ಹಿಡಿಯುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಮೆಲ್ಲ ಉಜ್ಜಿ ತೊಳೀರಿ. ಕುದಿಯುವ ನೀರು ಬೇಡ, ರೆಸಿನ್ ಮೆತ್ತಗಾಗಿ ಕಿವಿಯಂಥ ತೆಳು ಭಾಗ ಬಗ್ಗಿ ಹೋಗ್ತದೆ. ಪ್ರಿಂಟ್ ಆದ್ರೆ ಮೇಲ್ಮೈ ಮುಟ್ಟಿದಾಗ ಅಂಟಂಟು ಆಗ್ತದಾ ನೋಡಿ, ಅಂಟಿದ್ರೆ ಕ್ಯೂರ್ (ಬೆಳಕಿಗೆ ರೆಸಿನ್ ಗಟ್ಟಿಯಾಗುವುದು) ಪೂರ್ತಿ ಆಗಿಲ್ಲ ಅಂತ ಲೆಕ್ಕ, ಗ್ಲೌಸ್ ಹಾಕಿ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆದು, ಒಣಗಿಸಿ, ಯುವಿ ಲೈಟಿಗೋ ಬಿಸಿಲಿಗೋ ಇಡಿ.

ಪ್ರಿಂಟ್‌ನಲ್ಲಿ ದೊಡ್ಡ ತಲೆಬಿಸಿ ಲೇಯರ್ ಲೈನು, ಅಂದ್ರೆ ಪದರ ಪದರವಾಗಿ ಪ್ರಿಂಟ್ ಆದ ಗೆರೆ. ಬರಿಗಣ್ಣಿಗೆ ಕಾಣದ ಗೆರೆ ಕೂಡ ವಾಶ್ ಹಾಕಿದ ಕೂಡ್ಲೆ ಎದ್ದು ಬರ್ತದೆ, ಯಾಕಂದ್ರೆ ವಾಶ್‌ಗೆ ಅದೂ ಒಂದು ಹಳ್ಳವೇ ಅಲ್ವಾ. ಬೋಳುತಲೆ ಮೇಲೆ ಮ್ಯಾಪಿನ ಗೆರೆಗಳ ಹಾಗೆ ಸುತ್ತು ಸುತ್ತು ಕಾಣ್ತದೆ, ಮತ್ತೆ ಅದನ್ನು ಮುಚ್ಲಿಕ್ಕೆ ಬಣ್ಣ ಎಷ್ಟು ಹಾಕಿದ್ರೂ ಸಾಲುದಿಲ್ಲ. ಹಾಗಾಗಿ ನುಣುಪು ಜಾಗ ಎಲ್ಲ 400 ಗ್ರಿಟ್, ಆಮೇಲೆ 800, ಆಮೇಲೆ 1000 ಸ್ಯಾಂಡ್ ಪೇಪರ್‌ನಲ್ಲಿ ನೀರು ಹಾಕಿಯೇ ಉಜ್ಜಿ. ಒಣ ಉಜ್ಜುವುದು ಬೇಡವೇ ಬೇಡ, ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ನೀರು ಹಾಕಿದ್ರೂ ಒಂದು ಎನ್95 ಮಾಸ್ಕ್ ಇರಲಿ. ಜೋಡಣೆಯ ಸಂದು ಇದ್ರೆ ಮಿಲಿಪುಟ್ (ಎಪಾಕ್ಸಿ ಪುಟ್ಟಿ) ತುಂಬಿಸಿ ಒದ್ದೆ ಬೆರಳಲ್ಲಿ ಸವರಿ.

ಪ್ರೈಮರ್ ವಿಷಯದಲ್ಲಿ ನಮ್ಮ ಕರಾವಳಿಯವರದ್ದು ಬೇರೆಯೇ ಕಥೆ. ಜೂನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಕ್ಯಾನ್ ಮುಟ್ಲಿಕ್ಕೆ ಆಗುದಿಲ್ಲ, ಗಾಳಿಯ ತೇವಕ್ಕೆ ಪ್ರೈಮರ್ ಪುಡಿ ಪುಡಿಯಾಗಿ ಕೂತು ಮರಳು ಕಾಗದದ ಹಾಗೆ ಆಗ್ತದೆ, ಆ ಒರಟಿನ ಮೇಲೆ ವಾಶ್ ಹಾಕಿದ್ರೆ ಕಲೆ ಬಾರದೆ ಇನ್ನೇನಾಗ್ತದೆ. ಮಳೆಗಾಲದಲ್ಲಿ ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ವಾಸಿ, ಅಗಲ ಮೆತ್ತನೆ ಬ್ರಶ್‌ನಲ್ಲಿ ತೆಳುವಾಗಿ ಎರಡು ಸಲ. ನೀವು ಘಟ್ಟದ ಮೇಲಿನವರಾದ್ರೆ ಒಣ ಬಿಸಿಲಿನ ದಿನ ನೋಡಿ ಕ್ಯಾನ್‌ನಲ್ಲೇ ಹೊಡೀರಿ, ಮೊದ್ಲು ಸುತ್ತ ಕಪ್ಪು, ಒಣಗಿದ ಮೇಲೆ ತಲೆಯ ಮೇಲಿಂದ ಮಾತ್ರ ಬಿಳಿ, ಸೂರ್ಯ ನೆತ್ತಿ ಮೇಲಿದ್ರೆ ಬೆಳಕು ಎಲ್ಲಿ ಬೀಳ್ತದೋ ಅಲ್ಲಿಗೆ. ಆಗ ನೆರಳು ಎಲ್ಲಿ ಹಾಕ್ಬೇಕು ಅಂತ ಬಸ್ಟೇ ನಿಮಗೆ ತೋರಿಸ್ತದೆ.

ಮತ್ತೆ ಕೈಯಲ್ಲಿ ಹಿಡ್ಕೊಂಡು ಪೇಂಟ್ ಮಾಡ್ಬೇಡಿ. ಕೆಳಗೆ ತೂತು ಕೊರೆದು ಪೇಪರ್ ಕ್ಲಿಪ್ಪಿನ ತಂತಿ ಹಾಕಿ ಒಂದು ಹಳೇ ಔಷಧಿ ಬಾಟ್ಲಿ ಮುಚ್ಚಳಕ್ಕೆ ಕೂರಿಸಿ. ಕೈಯ ಜಿಡ್ಡು ತಾಗಿದ ಕಡೆ ವಾಶ್ ಹಿಂದೆ ಸರೀತದೆ.

ಎಣ್ಣೆಬಣ್ಣ:

ನಾ ಧಾರವಾಡದಾಂವ, ನನ್ನ ಅಭಿಪ್ರಾಯ ಸ್ವಲ್ಪ ಬ್ಯಾರೆ ಐತ್ರಿ. ನುಣುಪು ಚರ್ಮಕ್ಕ ಅಕ್ರಿಲಿಕ್ ಶೇಡ್ ಗುದ್ದಾಡೋಕಿಂತ ಆಯಿಲ್ ವಾಶ್, ಅಂದ್ರ ಥಿನ್ನರ್‌ನಾಗ ತೆಳು ಮಾಡಿದ ಎಣ್ಣಿ ಬಣ್ಣ ಹಚ್ಚ್ರಿ. ಅಕ್ರಿಲಿಕ್ ಎರಡು ನಿಮಿಷದಾಗ ಹಿಡಕೊಂಡ್ ಬಿಡ್ತದ, ಆಯಿಲ್ ತಾಸುಗಟ್ಟಲೆ ಹಸಿ ಇರ್ತದ, ಮನಸ್ಸಿಗೆ ಬರೋತನಕ ತಿದ್ದಬಹುದು, ಬ್ಯಾಡ ಅನಿಸಿದ್ರ ಪೂರ್ತಿ ಒರೆಸಿ ಮತ್ತ ಶುರು ಮಾಡಬಹುದು. ಬೆಲ್ಜಿಯಂದ ಫ್ರಾಂಸ್ವಾ ವರ್ಲಿಂಡನ್ ಅಂಥ ಮಾಡೆಲರ್‌ಗಳು 1980ರ ದಶಕದಾಗ ವಾಶ್ ಮತ್ತು ಡ್ರೈಬ್ರಶ್ ಅನ್ನೋದನ್ನ ಜಗತ್ತಿಗೆಲ್ಲ ಹಬ್ಬಿಸಿದ್ರು, ಆಗ ಈಗಿನಂಗ ರೆಡಿ ಶೇಡ್ ಬಾಟ್ಲಿ ಸಾಲು ಎಲ್ಲಿತ್ತ್ರಿ, ಆಯಿಲ್ ಟ್ಯೂಬೇ ಭಾಳ ಮಂದಿಗೆ ಆಧಾರ.

ಸಾಮಾನು ಭಾಳ ಬೇಕಾಗಿಲ್ಲ. ಬರ್ನ್ಟ್ ಅಂಬರ್ ಒಂದು ಟ್ಯೂಬ್, ಕ್ಯಾಮೆಲ್ ಆರ್ಟಿಸ್ಟ್ ಆಯಿಲ್ ಆದ್ರೂ ನಡೀತದ. ವಾಸನೆ ಇಲ್ಲದ ಥಿನ್ನರ್ ಒಂದು ಬಾಟ್ಲಿ. ಮೊದ್ಲ ಬಣ್ಣಾನ ರಟ್ಟಿನ ಮ್ಯಾಲ ಹಿಂಡಿ ಒಂದರ್ಧ ತಾಸು ಬಿಡ್ರಿ, ಲಿನ್ಸೀಡ್ ಎಣ್ಣಿ ರಟ್ಟಿಗೆ ಇಳೀತದ, ಉಳಿದ ಬಣ್ಣ ಒಣಗಿದ್ಮ್ಯಾಲ ಹೊಳಿಯಂಗಿಲ್ಲ, ಲಗೂನೂ ಒಣಗ್ತದ. ಅಂಬರ್ ಒಳಗ ಮ್ಯಾಂಗನೀಸ್ ಇರ್ತದ, ಹಂಗಾಗಿ ಅದು ಎಣ್ಣಿ ಬಣ್ಣದಾಗ ಬೇಗ ಒಣಗೋ ಪೈಕಿ. ಐವರಿ ಬ್ಲ್ಯಾಕ್ ಭಾಳ ನಿಧಾನ.

ಹಚ್ಚೋದಕ್ಕಿಂತ ಮುಂಚೆ ಅಕ್ರಿಲಿಕ್ ಕೆಲಸ ಎಲ್ಲ ಮುಗಿಸಿ ಗ್ಲಾಸ್ (ಹೊಳಪಿನ) ವಾರ್ನಿಶ್ ಹೊಡೆದು ಒಂದು ದಿನ ಬಿಡ್ಬೇಕು. ಇದನ್ನ ಯಾರೂ ತಪ್ಪಿಸಬ್ಯಾಡ್ರಿ, ವಾರ್ನಿಶ್ ಇದ್ರ ಥಿನ್ನರ್ ಕೆಳಗಿನ ಬಣ್ಣ ಮುಟ್ಟಂಗಿಲ್ಲ, ಮ್ಯಾಲಿಂದ ಆಯಿಲ್ ಸುಕ್ಕಿನೊಳಗ ತಾನಾ ಓಡಿ ಹೋಗ್ತದ. ಸುಕ್ಕಿಗೆ ಬ್ರಶ್ ತುದಿ ಮುಟ್ಟಿಸಿದ್ರ ಸಾಕು, ಗೆರಿ ಉದ್ದಕ್ಕೂ ಹರದ ಹೋಗೋದ ನೋಡಾಕ ಭಾಳ ಛಂದ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಮೇಕಪ್ ಸ್ಪಂಜಿನಿಂದ ಮ್ಯಾಲಿಂದ ಕೆಳಗ ಒರೆಸ್ರಿ, ಉಬ್ಬಿದ ಜಾಗ ಸ್ವಚ್ಛ ಆಗ್ತದ, ತಗ್ಗಿನ್ಯಾಗ ಬಣ್ಣ ಉಳೀತದ. ಆಮ್ಯಾಲ ಥಿನ್ನರ್ ಮುಟ್ಟಿಸಿದ, ಆದ್ರ ಒಣಗಿಸಿದ ಬ್ರಶ್‌ನಿಂದ ಅಂಚು ಮಸುಕು ಮಾಡ್ರಿ. ಕಿಟಕಿ ತೆಗೆದಿಟ್ಟು ಕೂಡ್ರಿ, ಕೋಲಿನ್‌ಸ್ಕಿ ಬ್ರಶ್ (ದುಬಾರಿ ಪ್ರಾಣಿಕೂದಲ ಬ್ರಶ್) ಇದಕ್ಕ ಹಾಳ ಮಾಡಬ್ಯಾಡ್ರಿ, ಅಗ್ಗದ ಸಿಂಥೆಟಿಕ್ ಸಾಕು.

ಹಸಿರುಚರ್ಮ:

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ಕುಡ್ಲದಕುಂಚ ಅವರೇ, ನಂದು ಪ್ರಿಂಟೇ, ಟಾರ್ಚ್ ಅಡ್ಡ ಹಿಡಿದು ನೋಡಿದ್ರೆ ತಲೆ ಮೇಲೆ ನೀವು ಹೇಳಿದ ಗೆರೆಗಳು ಇದಾವೆ. ಉಜ್ಜೋಕೆ ಶುರು ಮಾಡ್ತೀನಿ, ಟೆಸ್ಟ್ ಮಾಡಿದ ಬಣ್ಣನೂ ಅದ್ರಲ್ಲೇ ಹೋಗುತ್ತೆ. ಆಯಿಲ್ ಈ ಸಲ ಸುಕ್ಕಿಗೆ ಮಾತ್ರ ಟ್ರೈ ಮಾಡೋಣ ಅಂತಿದೀನಿ, ಕೆನ್ನೆ ಕತ್ತು ಗ್ಲೇಜಲ್ಲೇ ಮಾಡ್ತೀನಿ. ಈಗ ಬಣ್ಣದ ಬಗ್ಗೆ ಒಂದು ಕೇಳ್ತೀನಿ. ನೇರಳೆ, ಕೆಂಪು ಶೇಡ್ ಹಸಿರು ಚರ್ಮದ ಮೇಲೆ ಹಾಕ್ತಾರೆ ಅಂತ ನೋಡಿದೀನಿ, ಎಲ್ಲೆಲ್ಲಿ ಹಾಕೋದು? ಮತ್ತೆ ತೊಗಲಿಗೆ ಕಾಂಟ್ರಾಸ್ಟ್ ಪೇಂಟ್ ನಡಿಯುತ್ತಾ?

ತುದಿಕುಂಚ:

ಬರೀ ಹಸಿರಿಗೆ ಗಾಢ ಹಸಿರು ನೆರಳು ಕೊಟ್ರೆ ಮುಖ ಪ್ಲಾಸ್ಟಿಕ್ ಥರ ಕಾಣುತ್ತೆ, ಒಳಗೆ ರಕ್ತ ಇದೆ ಅನ್ಸಲ್ಲ. ಮನುಷ್ಯರ ಮುಖ ಪೇಂಟ್ ಮಾಡೋರು ಹಣೆಗೆ ಹಳದಿ ಛಾಯೆ, ಮೂಗು ಕೆನ್ನೆ ಕಿವಿಗೆ ಕೆಂಪು, ಗಡ್ಡದ ಜಾಗಕ್ಕೆ ನೀಲಿ ಬೂದು ಅಂತ ಮೂರು ಪಟ್ಟಿ ಇಟ್ಕೋತಾರೆ, ಓರ್ಕ್‌ಗೂ ಅದನ್ನೇ ಇಟ್ಕೊಳ್ಳಿ.

ಬೇಸ್ ಮಧ್ಯಮ ಹಸಿರು ಇರಲಿ, ತೀರ ಗಾಢ ಬೇಡ. ಬೀಲ್-ಟಾನ್ ಗ್ಲೇಜ್ ಮೊದ್ಲು, ದವಡೆ ಕೆಳಗೆ, ಕೆನ್ನೆ ಗುಳಿ, ಕತ್ತಿನ ನರಗಳ ನಡುವೆ. ಅದು ಒಣಗಿದ್ಮೇಲೆ ಡ್ರೂಕೀ ವಯೊಲೆಟ್, ಕಣ್ಣ ಚೀಲದ ಕೆಳಗಿನ ಅಂಚಿಗೆ, ಕಣ್ಣಿನ ಒಳ ಮೂಲೆಗೆ, ಕೆಳತುಟಿ ಗದ್ದ ಸೇರೋ ಗೆರೆಗೆ. ವಯಸ್ಸಾದೋನು ಅಂತ ಹೇಳಿದ್ರಲ್ಲ, ಕಣ್ಣ ಕೆಳಗಿನ ನೇರಳೆನೇ ಅವನ ವಯಸ್ಸು ಹೇಳುತ್ತೆ, ಅಲ್ಲಿ ಸ್ವಲ್ಪ ಟೈಮ್ ಕೊಡಿ. ಕ್ಯಾರೊಬರ್ಗ್ ಕ್ರಿಮ್ಸನ್ ಮೂಗಿನ ತುದಿ, ಕಿವಿ ತುದಿ, ಹರಿದ ಕಿವಿಯ ಅಂಚು, ಕೋರೆಹಲ್ಲು ಎದ್ದು ಬರೋ ಒಸಡು. ಕೆಂಪು ಹಸಿರು ಎದುರು ಬಣ್ಣಗಳಾದ್ರಿಂದ ಒಂದರ ಮೇಲೊಂದು ಬಿದ್ರೆ ಕಂದು ಕಡೆಗೆ ತಿರುಗುತ್ತೆ, ಮೊದಲ ಪದರಕ್ಕೆ ಕೆಂಪು ಅನ್ಸಲ್ಲ, ಬೆಚ್ಚಗಿನ ಚರ್ಮ ಅನ್ಸುತ್ತೆ, ಬೇಕಾಗಿರೋದೂ ಅದೇ. ಜಾಸ್ತಿ ಹಾಕಿದ್ರೆ ಕೊಳಕಾಗುತ್ತೆ, ಎರಡು ಪದರಕ್ಕೆ ನಿಲ್ಲಿಸಿ ದೂರ ಹಿಡಿದು ನೋಡಿ.

ನಲ್ನ್ ಆಯಿಲ್‌ನ ಚರ್ಮಕ್ಕೆ ಮುಟ್ಟಿಸಲೇಬೇಡಿ ದಯವಿಟ್ಟು, ಕಪ್ಪು ಬಿದ್ರೆ ಮಸಿ ಮೆತ್ತಿದಂಗೆ ಆಗುತ್ತೆ. ಅದು ಲೋಹಕ್ಕೆ ಇರಲಿ. ಕೊನೆಗೆ ಬೇಸ್ ಹಸಿರಿಗೆ ಸ್ವಲ್ಪ ತಿಳಿ ಹಳದಿ ಬೆರೆಸಿ ಹುಬ್ಬು ಮೂಳೆ, ಮೂಗಿನ ದಂಡೆ, ಕೆನ್ನೆ ಮೂಳೆ ಮೇಲ್ಭಾಗಕ್ಕೆ ತೆಳ್ಳಗೆ ವಾಪಸ್ ಹಾಕಿ. ಈ ಕೆಲಸ ಮಾಡದೆ ಬರೀ ನೆರಳಿಗೆ ನಿಲ್ಲಿಸಿದ್ರೆ ಮುಖ ಮಂಕಾಗೇ ಉಳಿಯುತ್ತೆ. ಬ್ರಶ್ ಸೊನ್ನೆ ಸೊನ್ನೆ ಸೈಜು ಹುಡುಕ್ಬೇಡಿ, ತುದಿ ಚೂಪಿರೋ 2ನೇ ನಂಬರ್ ಸಾಕು, ಹೊಟ್ಟೆ ತುಂಬ ಬಣ್ಣ ಹಿಡಿಯುತ್ತೆ, ಗ್ಲೇಜ್ ಅರ್ಧದಲ್ಲಿ ಒಣಗಲ್ಲ.

ಮಸಿಬಟ್ಟಲು:

ತೊಗಲು ನನ್ನ ಇಷ್ಟದ ವಿಷ್ಯ, ಅದಕ್ಕೆ ಉತ್ತರ ಕೊಡ್ತೀನಿ. ಕಾಂಟ್ರಾಸ್ಟ್ ಧಾರಾಳವಾಗಿ ನಡಿಯುತ್ತೆ, 2019ರಲ್ಲಿ ಸಿಟಡೆಲ್ ಅದನ್ನ ತಂದಿದ್ದೇ ಒಂದೇ ಪದರದಲ್ಲಿ ಬಣ್ಣನೂ ನೆರಳೂ ಬರ್ಲಿ ಅಂತ, ಕೂದಲಂಥ ಟೆಕ್ಸ್ಚರ್ ಮೇಲೆ ಅದರಷ್ಟು ಚೆನ್ನಾಗಿ ಬೇರೇದು ಕೂರಲ್ಲ. ಅದೇ ಥರದ ಆರ್ಮಿ ಪೇಂಟರ್ ಕಂಪನಿಯ ಸ್ಪೀಡ್‌ಪೇಂಟ್ ತಗೋತೀರ ಅಂದ್ರೆ 2.0 ಅಂತ ಬರೆದಿರೋದು ನೋಡಿ ತಗೊಳ್ಳಿ, ಮೊದಲನೇ ವರ್ಶನ್ ಒಣಗಿದ್ಮೇಲೂ ಒದ್ದೆ ಬಣ್ಣ ಬಿದ್ರೆ ಮತ್ತೆ ಕರಗ್ತಿತ್ತು, 2023ರಲ್ಲಿ ಬಂದ 2.0ದಲ್ಲಿ ಅದನ್ನ ಸರಿ ಮಾಡಿದಾರೆ. ಮುಖಕ್ಕೆ ಮಾತ್ರ ಇವೆರಡೂ ನೇರವಾಗಿ ಬೇಡ, ನುಣುಪು ಜಾಗದಲ್ಲಿ ಇವು ಶೇಡ್‌ಗಿಂತ ಜಾಸ್ತಿ ತೇಪೆ ಬರಿಸ್ತವೆ.

ತೊಗಲಿಗೆ ನಾನು ಮಾಡೋದು ಹೀಗೆ. ಕಪ್ಪು ಪ್ರೈಮರ್ ಮೇಲೆ ಬೂದು, ಅದರ ಮೇಲೆ ಬಿಳಿ ಡ್ರೈಬ್ರಶ್, ಕೂದಲ ದಿಕ್ಕಿಗೆ ಅಡ್ಡಡ್ಡ. ಆಮೇಲೆ ಒಂದೇ ಕಂದು ಹಾಕದೆ ಬೆನ್ನ ಮಧ್ಯಕ್ಕೆ ಗಾಢ ಕಂದು, ಅಂಚಿಗೆ ಬರ್ತಾ ಸೆರಾಫಿಮ್ ಸೀಪಿಯ ಥರದ ಹಳದಿ ಕಂದು, ಎರಡೂ ಒದ್ದೆ ಇರೋವಾಗ್ಲೇ ಕೂಡಿಸಿ. ನಿಜವಾದ ತೋಳದ ತೊಗಲಲ್ಲೂ ಬೆನ್ನು ಗಾಢ, ಹೊಟ್ಟೆ ಕಡೆ ತಿಳಿ ಇರುತ್ತೆ. ಒಣಗಿದ್ಮೇಲೆ ತುದಿಗಳಿಗೆ ಮಾತ್ರ ತಿಳಿ ಬಣ್ಣದ ಡ್ರೈಬ್ರಶ್.

ಕೋರೆಹಲ್ಲಿಗೆ ದಂತದ ಬಣ್ಣ ಹಾಕಿ ಬುಡದಿಂದ ತುದಿ ಕಡೆಗೆ ಅಗ್ರಾಕ್ಸ್ ಗೆರೆ ಗೆರೆಯಾಗಿ ಎಳೀರಿ, ಬುಡ ಗಾಢ, ತುದಿ ತಿಳಿ. ಮುರಿದಿರೋ ಹಲ್ಲಿನ ಕತ್ತರಿಸಿದ ಮುಖ ಮಾತ್ರ ಬೇರೆ ಥರ ಇರಲಿ, ಹಳೇ ಮುರಿತ ಆದ್ರೆ ನಡುವೆ ಒಂದು ಕಂದು ಚುಕ್ಕೆ, ಅಂಚು ಸವೆದು ಹೊಳಪು. ತಾಮ್ರದ ರಿಂಗಿಗೆ ಅಗ್ರಾಕ್ಸ್ ಆದ್ಮೇಲೆ ಕಿಲುಬು ಬರಿಸಿ, ತಿಳಿ ಹಸಿರು ನೀಲಿ ಬಣ್ಣನ ತುಂಬ ತೆಳ್ಳಗೆ ಮಾಡಿ ರಿಂಗು ಕಿವಿಗೆ ತಾಗೋ ಜಾಗದಲ್ಲಿ ಬಿಟ್ರೆ ಸಾಕು. ಕಿವಿ ಚರ್ಮಕ್ಕೂ ಒಂದು ಚೂರು ಆ ಬಣ್ಣ ಇಳಿಸಿ, ವರ್ಷಗಟ್ಟಲೆ ಹಾಕ್ಕೊಂಡಿದಾನೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಕಣ್ಣಿಗೆ ಅಪ್ಪಟ ಬಿಳಿ ಬೇಡ ಅಣ್ಣ, ಹಳದಿ ಬೆರೆತ ಮಾಸಲು ಬಿಳಿ ಹಾಕಿ, ಮೇಲಿನ ರೆಪ್ಪೆ ಕೆಳಗೆ ತೆಳು ಅಗ್ರಾಕ್ಸ್ ಗೆರೆ ಎಳೆದ್ರೆ ರೆಪ್ಪೆ ನೆರಳು ಕಣ್ಣ ಮೇಲೆ ಬಿದ್ದಂಗೆ ಕಾಣುತ್ತೆ.

ಹಸಿರುಚರ್ಮ:

ಅಕ್ಕ, ಕಿಲುಬಿನ ಐಡಿಯ ಸೂಪರ್, ಖಂಡಿತ ಮಾಡ್ತೀನಿ. ಕೊನೇ ಪ್ರಶ್ನೆ, ವಾರ್ನಿಶ್ ಯಾವ ಆರ್ಡರಲ್ಲಿ? ಶೇಡ್ ಹಾಕಿದ ಜಾಗ ಅಲ್ಲಲ್ಲಿ ಮಿಣಮಿಣ ಅನ್ನುತ್ತಲ್ಲ, ಅದು ಹೋಗುತ್ತಾ?

ಎಣ್ಣೆಬಣ್ಣ:

ಹೋಗ್ತದ್ರಿ. ಅಕ್ರಿಲಿಕ್ ಮುಗೀತು ಅಂದ್ರ ಗ್ಲಾಸ್, ಅದರ ಮ್ಯಾಲ ಸುಕ್ಕಿಗೆ ಆಯಿಲ್, ಆಯಿಲ್ ಒಣಗಾಕ ಎರಡು ಮೂರು ದಿವಸ ಡಬ್ಬಿ ಮುಚ್ಚಿ ಇಡ್ರಿ, ಧೂಳ ಕೂಡಬಾರ್ದು. ಆಮ್ಯಾಲ ಪೂರ್ತಿ ಮ್ಯಾಟ್ ವಾರ್ನಿಶ್, ಮಿಣಮಿಣ ಎಲ್ಲ ಒಂದ ಸಮ ಆಗ್ತದ. ಬಾಟ್ಲಿ ಚಲೋತ್ನಂಗ ಅಲುಗಾಡಿಸ್ರಿ, ಮ್ಯಾಟ್ ಮಾಡೋ ಪುಡಿ ತಳದಾಗ ಕೂತಿರ್ತದ, ಅಲುಗಾಡಿಸದ ಹಚ್ಚಿದ್ರ ಹೊಳಪು ಹಂಗಾ ಉಳೀತದ. ಸ್ಪ್ರೇ ಆದ್ರ ಮಳಿಗಾಲದಾಗ ಬ್ಯಾಡ, ಗಾಢ ಬಣ್ಣದ ಮ್ಯಾಲ ಬೆಳ್ಳಗ ಮಂಜು ಕೂತಂಗ ಆಗ್ತದ.

ಮ್ಯಾಟ್ ಹಚ್ಚಿದ್ರ ತಾಮ್ರದ ಹೊಳಪೂ ಹೋಗ್ತದ, ಹಂಗಾಗಿ ರಿಂಗಿನ ಉಬ್ಬಿದ ಅಂಚಿಗೆ ಮೆಟಾಲಿಕ್ ಬಣ್ಣ ಮತ್ತೊಮ್ಮೆ ಮುಟ್ಟಿಸ್ರಿ. ಎಲ್ಲಾ ಆದ್ಮ್ಯಾಲ ಕಣ್ಣಿಗೆ, ಒಸಡಿಗೆ, ಕೆಳತುಟಿ ಒಳಗಿನ ಅಂಚಿಗೆ ಒಂದೊಂದು ಹನಿ ಗ್ಲಾಸ್. ಮೂಗಿನ ಹೊಳ್ಳಿ ಕೆಳಗೂ ಬೇಕಂದ್ರ ಹಚ್ಚಬಹುದು, ಆದ್ರ ಹಣಿಗೆ ಬ್ಯಾಡ. ಮುಗಿದ ಮ್ಯಾಲ ಫೋಟೋ ಹಾಕ್ರಿ, ಕಿವಿ ಕಡಿಯಿಂದನೂ ಒಂದು ತೆಗೀರಿ.